ಮೋಟರ್ ಕೂಗಿದರೆ ಫ್ರೀಕ್ವೆನ್ಸಿ ಏರಿಸಬೇಕೆ?

ಕಳೆದ ಬೇಸಿಗೆಯಲ್ಲಿ ಚಿಂತಾಮಣಿ ಕಡೆಯ ಒಂದು ಟೊಮೆಟೊ ತೋಟಕ್ಕೆ ಹೋಗಿದ್ದೆ. ತೋಟದ ಅಂಚಿನಲ್ಲಿ ಶೀಟಿನ ಶೆಡ್ಡು, ಅದರ ಗೋಡೆಗೆ ಬೋರ್‌ವೆಲ್ ಮೋಟರಿನ ಡ್ರೈವ್, ಅಂದರೆ ಅದರ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಹತ್ತು ನಿಮಿಷ ಓಡುತ್ತಿತ್ತು, ಓವರ್‌ಕರೆಂಟ್ ಎಂದು ತೋರಿಸಿ ನಿಲ್ಲುತ್ತಿತ್ತು. ರೀಸೆಟ್ ಒತ್ತಿದರೆ ಮತ್ತೆ ಅದೇ ಕಥೆ. ಮೋಟರ್ ಸುಟ್ಟುಹೋಗಿದೆ ಎಂದುಕೊಂಡ ಮನೆಯವರು ಅದನ್ನು ಎತ್ತಿಸಲು ಲಾರಿಯವರಿಗೆ ಹೇಳಿಯೂ ಆಗಿತ್ತು. ಸಾವಿರ ಅಡಿ ಪೈಪು ಒಂದೊಂದೇ ಬಿಚ್ಚುತ್ತಾ ಮೋಟರನ್ನು ಮೇಲಕ್ಕೆ ತರುವುದೆಂದರೆ ಒಂದಿಡೀ ದಿನದ ಕೆಲಸ. ಖರ್ಚೂ ಜಾಸ್ತಿ. ಅಷ್ಟು ಹೊತ್ತಿಗೆ ಗಿಡ ಬಾಡಿರುತ್ತದೆ.

ಡ್ರೈವ್‌ನಿಂದ ಕೇಬಲ್ ಬಿಚ್ಚಿ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್, ಹಚ್ಚಿ ನೋಡಿದೆವು. ವೈಂಡಿಂಗ್ ಚೆನ್ನಾಗಿಯೇ ಇತ್ತು. ಆಮೇಲೆ ಡ್ರೈವ್‌ನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದಾಗ ವಿಷಯ ಗೊತ್ತಾಯಿತು. ಕ್ಯಾರಿಯರ್ ಫ್ರೀಕ್ವೆನ್ಸಿ 12 ಕಿಲೋಹರ್ಟ್ಸ್‌ನಲ್ಲಿತ್ತು. ಆ ಡ್ರೈವ್ ಮೊದಲು ಪೇಟೆಯ ಒಂದು ಹಿಟ್ಟಿನ ಗಿರಣಿಯಲ್ಲಿತ್ತಂತೆ. ಅಲ್ಲಿ ಮೋಟರ್ ಕುಂಯ್ ಎಂದು ಕೂಗುತ್ತದೆ ಎಂದು ಯಾರೋ ಏರಿಸಿದ್ದರು. ಗಿರಣಿಗೆ ಅದು ಸರಿಯೇ. ಡ್ರೈವಿಗೂ ಮೋಟರಿಗೂ ನಡುವೆ ಅಲ್ಲಿ ಮೂರು ಮೀಟರ್ ಕೇಬಲ್. ಇಲ್ಲಿ ಮುನ್ನೂರು ಮೀಟರಿಗೂ ಹೆಚ್ಚು. 3 ಕಿಲೋಹರ್ಟ್ಸ್‌ಗೆ ಇಳಿಸಿದೆವು. ಸಂಜೆ ಕರೆಂಟ್ ಹೋಗುವವರೆಗೂ ಮೋಟರ್ ನಿಲ್ಲಲಿಲ್ಲ.

ಒಂದೇ ಡ್ರೈವ್, ಒಂದೇ ಸೆಟ್ಟಿಂಗ್. ಒಂದು ಕಡೆ ಅದೇ ಮದ್ದು, ಇನ್ನೊಂದು ಕಡೆ ಅದೇ ರೋಗ. ಯಾಕೆ ಹೀಗೆ ಅನ್ನೋದು ಈಗ ಎಲ್ಲರಿಗೂ ಬೇಕಾದ ಪ್ರಶ್ನೆ. ಎಲೆಕ್ಟ್ರಾನಿಕ್ ವೇಗ ನಿಯಂತ್ರಣ ಈಗ ಕಾರ್ಖಾನೆಯಲ್ಲಿ ಮಾತ್ರ ಇಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾದ ಮೇಲೆ ಬ್ರಶ್ ಇಲ್ಲದ ಮೋಟರಿನ, 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳು ಮನೆಮನೆಗೆ ಬಂದಿವೆ. ಬೆಂಗಳೂರಿನ ರಸ್ತೆ ತುಂಬ ಎಲೆಕ್ಟ್ರಿಕ್ ಸ್ಕೂಟರ್. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯ ಸೋಲಾರ್ ಪಂಪುಗಳು ಹೊಲಗಳಲ್ಲಿವೆ. ಇವೆಲ್ಲದರ ಒಳಗೂ ಒಂದು ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ. ಎಷ್ಟು ಸಾವಿರ ಸಲ ಎಂಬುದೇ ಸ್ವಿಚಿಂಗ್ ಫ್ರೀಕ್ವೆನ್ಸಿ. ಡ್ರೈವ್ ಮಾಡುವವರು ಅದನ್ನೇ ಕ್ಯಾರಿಯರ್ ಎನ್ನುತ್ತಾರೆ.

ಹಳೆಯ ಕಾಲದಲ್ಲಿ ವೇಗ ತಗ್ಗಿಸಲು ದಾರಿಗೆ ಅಡ್ಡ ರೆಸಿಸ್ಟರ್ ಇಡುತ್ತಿದ್ದರು. ಉಳಿದ ವೋಲ್ಟೇಜ್ ಅದರಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಈಗ ಹಾಗಲ್ಲ. 12 ವೋಲ್ಟನ್ನು ಅರ್ಧ ಹೊತ್ತು ಕೊಟ್ಟು ಅರ್ಧ ಹೊತ್ತು ತೆಗೆದರೆ ಮೋಟರಿಗೆ ಸರಾಸರಿ 6 ವೋಲ್ಟ್ ಸಿಕ್ಕ ಹಾಗೆ. ಇದೇ ಪಿಡಬ್ಲ್ಯುಎಂ. ಆದರೆ ಕೊಟ್ಟು ತೆಗೆಯುವ ವೋಲ್ಟೇಜನ್ನು ಮೋಟರ್ ಸರಾಸರಿ ಎಂದು ತಿಳಿಯಬೇಕಾದರೆ ಅದರ ಒಳಗಿನ ಕರೆಂಟ್ ಒಂದೇ ಮಟ್ಟದಲ್ಲಿ ಹರಿಯಬೇಕು. ಅದನ್ನು ನೋಡಿಕೊಳ್ಳುವುದು ಸುರುಳಿಯ ಇಂಡಕ್ಟೆನ್ಸ್. ಬೀಸುಕಲ್ಲು ನೆನಪಿಸಿಕೊಳ್ಳಿ. ತಳ್ಳಿದ ಕೂಡಲೇ ವೇಗ ಹಿಡಿಯುವುದಿಲ್ಲ, ಕೈ ಬಿಟ್ಟ ಕೂಡಲೇ ನಿಲ್ಲುವುದೂ ಇಲ್ಲ. ಬೇಗ ಬೇಗ ಸ್ವಲ್ಪ ಸ್ವಲ್ಪ ತಳ್ಳಿದರೆ ಒಂದೇ ಸಮ ತಿರುಗುತ್ತದೆ. ನಿಧಾನವಾಗಿ ತಳ್ಳಿದರೆ ನಡುನಡುವೆ ನಿಂತು ನಿಂತು ಹೋಗುತ್ತದೆ. ಸುರುಳಿಯಲ್ಲಿ ಕರೆಂಟ್ ಕೂಡ ಹಾಗೇ.

ಒಂದು ಲೆಕ್ಕ ಮಾಡೋಣ. ನನ್ನ ಮೇಜಿನ ಮೇಲೆ 12 ವೋಲ್ಟಿನ ಒಂದು ಗೇರ್ ಮೋಟರ್ ಇದೆ. ರೆಸಿಸ್ಟೆನ್ಸ್ 4 ಓಮ್, ಇಂಡಕ್ಟೆನ್ಸ್ 2 ಮಿಲಿಹೆನ್ರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅರ್ಧ ಮಿಲಿಸೆಕೆಂಡ್. ಇದು ಆ ಮೋಟರಿನ ಎಲೆಕ್ಟ್ರಿಕಲ್ ಟೈಮ್ ಕಾನ್‌ಸ್ಟೆಂಟ್, ಅದರ ಬೀಸುಕಲ್ಲಿನ ತೂಕ ಅಂದುಕೊಳ್ಳಿ. ಕಾಲೇಜು ಹುಡುಗರು ಬಳಸುವ ಆರ್ಡುವಿನೋ ಉನೋ ಬೋರ್ಡು ಹೆಚ್ಚಿನ ಪಿನ್ನುಗಳಲ್ಲಿ ಸುಮ್ನೆ ಬಿಟ್ಟರೆ 490 ಹರ್ಟ್ಸ್ ಕೊಡುತ್ತದೆ. ಅಂದರೆ ಒಂದು ಆವರ್ತಕ್ಕೆ 2 ಮಿಲಿಸೆಕೆಂಡ್, ಟೈಮ್ ಕಾನ್‌ಸ್ಟೆಂಟಿನ ನಾಲ್ಕು ಪಟ್ಟು. ಇಷ್ಟು ಹೊತ್ತಿನಲ್ಲಿ ಕರೆಂಟ್ ಎತ್ತರಕ್ಕೆ ಹಾರಿ, ಮತ್ತೆ ಸೊನ್ನೆಗೆ ಬಂದು, ಇನ್ನೊಂದು ತಳ್ಳಾಟಕ್ಕೆ ಕಾಯುತ್ತಾ ನಿಂತಿರುತ್ತದೆ.

ಅರ್ಧ ಡ್ಯೂಟಿಯಲ್ಲಿ, ಅಂದರೆ ಅರ್ಧ ಹೊತ್ತು ಆನ್ ಇದ್ದಾಗ, ಕರೆಂಟಿನ ಏರಿಳಿತ ಎಷ್ಟು ಎಂದು ತಿಳಿಯಲು ಒಂದು ಸುಲಭ ಸೂತ್ರವಿದೆ. ವೋಲ್ಟೇಜನ್ನು ಇಂಡಕ್ಟೆನ್ಸ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಾಕು. ನನ್ನ ಮೋಟರಿಗೆ 1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು ಒಂದೂವರೆ ಆಂಪಿಯರ್. 5 ಕಿಲೋಹರ್ಟ್ಸ್‌ನಲ್ಲಿ 0.3 ಆಂಪಿಯರ್. 20 ಕಿಲೋಹರ್ಟ್ಸ್‌ನಲ್ಲಿ 0.075.

ಏರಿಳಿತ ಇದ್ದರೆ ಏನಾಯಿತು ಅಂತ ಕೇಳಬಹುದು. ಮೋಟರಿನ ಬಲ ಬರುವುದು ಸರಾಸರಿ ಕರೆಂಟಿನಿಂದ. ಆದರೆ ಅದರ ಬಿಸಿ ಬರುವುದು ಕರೆಂಟಿನ ವರ್ಗದಿಂದ. ಒಂದೇ ಸಮ 1 ಆಂಪಿಯರ್ ಹರಿದರೂ, ಅರ್ಧ ಹೊತ್ತು 2 ಹರಿದು ಉಳಿದರ್ಧ ಹೊತ್ತು ಏನೂ ಹರಿಯದಿದ್ದರೂ ಬಲ ಒಂದೇ. ಬಿಸಿ ಮಾತ್ರ ಎರಡು ಪಟ್ಟು. ಇನ್ನು ನನ್ನ ಮೋಟರ್ 1 ಆಂಪಿಯರ್ ಹೊರೆಯಲ್ಲಿದೆ ಎಂದುಕೊಳ್ಳಿ. 1 ಕಿಲೋಹರ್ಟ್ಸ್‌ನಲ್ಲಿ ಏರಿಳಿತದಿಂದಲೇ ತಾಮ್ರದ ಬಿಸಿ ಸುಮಾರು ಆರನೇ ಒಂದು ಭಾಗ ಜಾಸ್ತಿಯಾಗುತ್ತದೆ. 5 ಕಿಲೋಹರ್ಟ್ಸ್‌ನಲ್ಲಿ ಅದು ಶೇಕಡಾ ಒಂದಕ್ಕಿಂತ ಕಡಿಮೆ. ಅಲ್ಲಿಂದ 20ಕ್ಕೆ ಹೋದರೆ ಸುರುಳಿಗೆ ಆಗುವ ಲಾಭ ಇಲ್ಲವೆನ್ನುವಷ್ಟು ಸಣ್ಣದು.

ಈ ಕೊನೆಯ ಮಾತು ನನಗೆ ತುಂಬ ಮುಖ್ಯ. ಜಾಸ್ತಿ ಫ್ರೀಕ್ವೆನ್ಸಿ ಎಂದರೆ ಜಾಸ್ತಿ ಒಳ್ಳೆಯದು ಎಂಬ ನಂಬಿಕೆ ಎಲ್ಲ ಕಡೆ ಇದೆ. ಮೋಟರಿಗೆ ಬೇಕಾದದ್ದು ಒಂದು ಮಟ್ಟ ಅಷ್ಟೆ. ಅದನ್ನು ದಾಟಿದ ಮೇಲೆ ಏರಿಸುವುದೆಲ್ಲ ಬೇರೆ ಯಾರದೋ ಸಲುವಾಗಿ. ಹೆಚ್ಚಿನ ಸಲ ನಮ್ಮ ಕಿವಿಯ ಸಲುವಾಗಿ.

ಆ ಮಟ್ಟ ಒಂದೊಂದು ಮೋಟರಿಗೆ ಒಂದೊಂದು. ಕಬ್ಬಿಣದ ತಿರುಳೇ ಇಲ್ಲದ ಕೋರ್‌ಲೆಸ್ ಮೋಟರುಗಳ ಇಂಡಕ್ಟೆನ್ಸ್ ತೀರಾ ಕಡಿಮೆ. 50 ಮೈಕ್ರೊಹೆನ್ರಿ ಎಂದಿಟ್ಟುಕೊಂಡರೆ ಅದೇ 12 ವೋಲ್ಟ್, ಅದೇ 20 ಕಿಲೋಹರ್ಟ್ಸ್‌ನಲ್ಲಿ ಏರಿಳಿತ 3 ಆಂಪಿಯರ್. ನನ್ನ ಗೇರ್ ಮೋಟರಿಗಿಂತ 40 ಪಟ್ಟು. ಇಂಥದ್ದಕ್ಕೆ 100 ಕಿಲೋಹರ್ಟ್ಸ್ ಕೊಟ್ಟರೂ ದೊಡ್ಡದಲ್ಲ. ಇಲ್ಲವೇ ಸರಣಿಯಲ್ಲಿ ಒಂದು ಚೋಕ್, ಅಂದರೆ ಇನ್ನೊಂದು ಸುರುಳಿ, ಹಾಕಬೇಕು. ಡ್ರೋನಿನದು ಇನ್ನೊಂದು ಬಗೆಯ ಅವಸರ. 14 ಆಯಸ್ಕಾಂತಗಳ ಮೋಟರ್ ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಅದರ ಸುರುಳಿಗೆ ಸೆಕೆಂಡಿಗೆ 3,500 ಎಲೆಕ್ಟ್ರಿಕಲ್ ಆವರ್ತಗಳು ಬೇಕು. 24 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ ಸಿಗುವುದು ಏಳೇ ಏಳು ಪಲ್ಸು. ಅದಕ್ಕೇ ಡ್ರೋನ್ ಹಾರಿಸುವವರು 48 ಕಿಲೋಹರ್ಟ್ಸ್ ಮತ್ತು ಅದಕ್ಕಿಂತ ಮೇಲೆ ಹೋಗುತ್ತಾರೆ. ಬೋರ್‌ವೆಲ್ ಮೋಟರಿಗೆ ಬೇಕಾಗಿರುವುದು 50 ಹರ್ಟ್ಸ್. ಅದಕ್ಕೆ 2 ಕಿಲೋಹರ್ಟ್ಸ್ ಕೊಟ್ಟರೂ ಒಂದು ಆವರ್ತಕ್ಕೆ 40 ಪಲ್ಸ್ ಸಿಗುತ್ತದೆ.

ಇನ್ನು ಕಿವಿಯ ವಿಷಯ. ಸುರುಳಿಯಲ್ಲಿ ಕರೆಂಟ್ ಏರಿಳಿದಂತೆ ಕಬ್ಬಿಣವೂ ತಂತಿಯೂ ಅದೇ ತಾಳಕ್ಕೆ ನಡುಗುತ್ತವೆ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ ಎನ್ನುತ್ತಾರೆ, ವಯಸ್ಸಾದಂತೆ ಅದು ಇಳಿಯುತ್ತದೆ. ಅತಿ ಚುರುಕಾಗಿ ಕೇಳುವುದು 2ರಿಂದ 5 ಕಿಲೋಹರ್ಟ್ಸ್ ನಡುವೆ. ಇದೇ ತಾಪತ್ರಯ. ಸಾಮಾನ್ಯ ಮೋಟರಿನ ಸುರುಳಿಗೆ ಸಾಕಾಗುವ ಫ್ರೀಕ್ವೆನ್ಸಿಯೂ ಕಿವಿಗೆ ಚುಚ್ಚುವ ಫ್ರೀಕ್ವೆನ್ಸಿಯೂ ಒಂದೇ ಜಾಗದಲ್ಲಿವೆ. ಕಂಪ್ಯೂಟರಿನ ನಾಲ್ಕು ತಂತಿಯ ಫ್ಯಾನಿಗೆ ಇಂಟೆಲ್ ಗೊತ್ತುಮಾಡಿದ ಪಿಡಬ್ಲ್ಯುಎಂ ಫ್ರೀಕ್ವೆನ್ಸಿ 25 ಕಿಲೋಹರ್ಟ್ಸ್. 21ರಿಂದ 28ರವರೆಗೆ ಇರಬಹುದು ಎಂದು ಅವಕಾಶವಿದೆ. 21 ಎಂದರೆ ಕಿವಿಯ ಗಡಿಯಿಂದ ಒಂದು ಹೆಜ್ಜೆ ಆಚೆ.

ಈ ಸದ್ದನ್ನು ಸಂಗೀತ ಮಾಡಿದವರೂ ಇದ್ದಾರೆ. ಆಸ್ಟ್ರಿಯಾದ ಟಾರಸ್ ರೈಲು ಎಂಜಿನ್ನು, ಜಪಾನಿನ ಕೇಕ್ಯೂ ಮಾರ್ಗದ ಕೆಲವು ರೈಲುಗಳು ಹೊರಡುವಾಗ ಸ್ವರ ಏರಿಸುತ್ತಾ ಹಾಡಿದ ಹಾಗೆ ಕೇಳುತ್ತಿದ್ದವು. ಎರಡರಲ್ಲೂ ಇದ್ದದ್ದು ಸೀಮೆನ್ಸ್ ಇನ್ವರ್ಟರ್, ಅಂದರೆ ರೈಲಿನ ಮೋಟರಿನ ಡ್ರೈವ್. ಜಿಟಿಒ ಎಂಬ ಹಳೆಯ ಸ್ವಿಚ್ಚುಗಳು ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಹೆಚ್ಚು ಆಡಲಾರವು, ಆ ಸಂಖ್ಯೆ ಸರಿಯಾಗಿ ಹಾಡಿನ ಸ್ವರಗಳ ಜಾಗಕ್ಕೇ ಬೀಳುತ್ತದೆ. ಹೇಗೂ ಕೇಳಿಸುತ್ತದೆ, ಕೇಳುವಂತಾದರೂ ಇರಲಿ ಎಂದು ಎಂಜಿನಿಯರುಗಳು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಕೇಕ್ಯೂನ ಕೊನೆಯ ಹಾಡುವ ರೈಲು 2021ರಲ್ಲಿ ನಿಂತಿತು. ನಮ್ಮ ಮೆಟ್ರೊ ನಿಲ್ದಾಣ ಬಿಡುವಾಗ ಕಿವಿಗೊಟ್ಟರೆ ಕೇಳುವ ಏರುದನಿಯೂ ಇದೇ ಮನೆತನದ್ದು.

ಫ್ಯಾನ್ ಸದ್ದು ಮಾಡುತ್ತದೆ ಎಂದು ದೂರುವವರು ಒಂದು ಪರೀಕ್ಷೆ ಮಾಡಬೇಕು. ವೇಗ ಬದಲಿಸಿ. ಸದ್ದಿನ ಶ್ರುತಿಯೂ ವೇಗದ ಜೊತೆ ಏರಿಳಿದರೆ ಅದು ಕ್ಯಾರಿಯರ್ ಅಲ್ಲ. ಒಂದು ಸುರುಳಿಯಿಂದ ಇನ್ನೊಂದಕ್ಕೆ ಕರೆಂಟ್ ದಾಟಿಸುವಾಗ ಆಗುವ ಜಗ್ಗಾಟ, ಇಲ್ಲವೇ ಬೇರಿಂಗಿನದು. ವೇಗ ಏನೇ ಇರಲಿ, ಸದ್ದು ಒಂದೇ ಶ್ರುತಿಯಲ್ಲಿ ನಿಂತಿದ್ದರೆ ಮಾತ್ರ ಕ್ಯಾರಿಯರ್ ಮೇಲೆ ಅನುಮಾನ ಪಡಿ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿಕೊಂಡರೆ ಗೂಟ ನೆಟ್ಟಂತೆ ಒಂದು ಗೆರೆ ಕಾಣುತ್ತದೆ. ಇಷ್ಟು ನೋಡದೆ ಫ್ರೀಕ್ವೆನ್ಸಿ ಏರಿಸಿದರೆ ಸದ್ದು ಹಾಗೇ ಉಳಿದು ಬಿಸಿ ಮಾತ್ರ ಹೆಚ್ಚಾಗುತ್ತದೆ.

ಯಾಕೆ ಬಿಸಿ? ಸ್ವಿಚ್ ಪೂರ್ತಿ ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ಪೂರ್ತಿ ಆಫ್ ಇದ್ದಾಗ ಕರೆಂಟ್ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೊರಳುವ ಆ ಗಳಿಗೆಯಲ್ಲಿ ಎರಡೂ ಇರುತ್ತವೆ. ಗಳಿಗೆ ಸಣ್ಣದು, ಆದರೆ ಎಷ್ಟು ಸಲ ಹೊರಳುತ್ತದೋ ಅಷ್ಟು ಸಲ ಸುಂಕ ಕಟ್ಟಬೇಕು. 48 ವೋಲ್ಟ್, 20 ಆಂಪಿಯರಿನ ಒಂದು ಮಾಸ್ಫೆಟ್, ಅಂದರೆ ಒಂದು ಬಗೆಯ ಟ್ರಾನ್ಸಿಸ್ಟರ್ ಸ್ವಿಚ್ಚು, ತೆಗೆದುಕೊಳ್ಳಿ. ಆನ್ ಆಗಲು 100 ನ್ಯಾನೊಸೆಕೆಂಡ್, ಆಫ್ ಆಗಲು 100 ಎಂದಾದರೆ 2 ಕಿಲೋಹರ್ಟ್ಸ್‌ನಲ್ಲಿ ಈ ಸುಂಕ 0.2 ವ್ಯಾಟ್. 20ರಲ್ಲಿ ಸುಮಾರು 2 ವ್ಯಾಟ್. 100ರಲ್ಲಿ ಹತ್ತಿರ ಹತ್ತಿರ 10 ವ್ಯಾಟ್. ಅದೇ ಮಾಸ್ಫೆಟ್‌ನ ರೆಸಿಸ್ಟೆನ್ಸ್ 4 ಮಿಲಿಓಮ್ ಇದ್ದರೆ ಪೂರ್ತಿ ಆನ್ ಇರುವಾಗಿನ ನಷ್ಟ 1.6 ವ್ಯಾಟ್. ಅಂದರೆ 20 ಕಿಲೋಹರ್ಟ್ಸ್ ಹತ್ತಿರ ಎರಡೂ ನಷ್ಟ ಸಮನಾಗುತ್ತವೆ. ನನ್ನ ಅಭ್ಯಾಸ ಏನೆಂದರೆ, ಈ ಸಮನಾಗುವ ಜಾಗವನ್ನು ಮೊದಲು ಹುಡುಕುತ್ತೇನೆ. ಅದನ್ನು ದಾಟಿ ಹೋಗಬೇಕಾದರೆ ಬಲವಾದ ಕಾರಣ ಬೇಕು.

ಇದು ಒಳ್ಳೆಯ ಗೇಟ್ ಡ್ರೈವರ್, ಅಂದರೆ ಸ್ವಿಚ್ಚನ್ನು ಆನ್-ಆಫ್ ಮಾಡುವ ಗೇಟನ್ನು ಬೇಗ ತುಂಬಿ ಖಾಲಿ ಮಾಡುವ ಸರ್ಕಿಟ್, ಇದ್ದಾಗಿನ ಲೆಕ್ಕ. ಮೈಕ್ರೊಕಂಟ್ರೋಲರಿನ ಪಿನ್ನಿಗೇ ಮಾಸ್ಫೆಟ್‌ನ ಗೇಟ್ ಕಟ್ಟಿದರೆ ಆ ಪಿನ್ನು ಕೊಡುವ ಕೆಲವೇ ಮಿಲಿಆಂಪಿಯರಿನಲ್ಲಿ ಗೇಟ್ ತುಂಬಲು ಹೊತ್ತು ಹಿಡಿಯುತ್ತದೆ. ಹೊರಳಾಟ ನ್ಯಾನೊಸೆಕೆಂಡಿನಿಂದ ಮೈಕ್ರೊಸೆಕೆಂಡಿಗೆ ಹೋಗುತ್ತದೆ. 12 ವೋಲ್ಟ್, 5 ಆಂಪಿಯರ್, ಒಂದೊಂದು ಹೊರಳಾಟಕ್ಕೆ 2 ಮೈಕ್ರೊಸೆಕೆಂಡ್ ಎಂದರೆ 490 ಹರ್ಟ್ಸ್‌ನಲ್ಲಿ ನಷ್ಟ 0.06 ವ್ಯಾಟ್. ಬೆರಳಿಟ್ಟರೆ ತಣ್ಣಗಿರುತ್ತದೆ. ಅದೇ ಸರ್ಕಿಟ್ಟನ್ನು 20 ಕಿಲೋಹರ್ಟ್ಸ್‌ಗೆ ಏರಿಸಿದರೆ 2.4 ವ್ಯಾಟ್. ಹೀಟ್ ಸಿಂಕ್ ಇಲ್ಲದ ಮಾಸ್ಫೆಟ್‌ಗೆ ಅದು ಸಾವು. ಸರ್ಕಿಟ್ ಒಂದೇ, ಕೋಡಿನಲ್ಲಿ ಒಂದೇ ಸಾಲು ಬದಲಾಗಿದ್ದು.

ಎಲ್298 ಎಂಬ ಮೋಟರ್ ಓಡಿಸುವ ಹಳೆಯ ಚಿಪ್ಪಿನ ಮೇಲೂ ನಾನು ಇದನ್ನು ಮಾಡಿ ನೋಡಿದ್ದೇನೆ. ಅದರ ಡೇಟಾಶೀಟ್ 25 ಕಿಲೋಹರ್ಟ್ಸ್ ಸಾಮಾನ್ಯ, 40 ಗರಿಷ್ಠ ಎನ್ನುತ್ತದೆ. ಆರ್ಡುವಿನೋ ಟೈಮರ್ ಬದಲಿಸಿ 31 ಕಿಲೋಹರ್ಟ್ಸ್ ಕೊಟ್ಟೆ. ಕೂಗು ನಿಂತಿತು. ಆದರೆ ಹೀಟ್ ಸಿಂಕ್ ಮೊದಲಿಗಿಂತ ಬಿಸಿಯಾಯಿತು. ಕಡಿಮೆ ಡ್ಯೂಟಿಯಲ್ಲಿ ಮೊದಲು ಮೆಲ್ಲಗೆ ಹೊರಡುತ್ತಿದ್ದ ಮೋಟರ್ ಈಗ ಹೊರಡಲೇ ಇಲ್ಲ. ಅದಕ್ಕೂ ಕಾರಣ ಇದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಹಾರಿ ಹಾರಿ ಬರುವುದರಿಂದ ಪ್ರತಿ ಹಾರಿಕೆಯೂ ಗೇರಿಗೆ ಒಂದು ಪೆಟ್ಟು ಕೊಟ್ಟಂತೆ. ಅಂಟಿಕೊಂಡ ಗ್ರೀಸಿನಿಂದ ಬಿಡಿಸಿಕೊಳ್ಳಲು ಆ ಪೆಟ್ಟು ಸಹಾಯ ಮಾಡುತ್ತದೆ. ಮಾದರಿ ರೈಲು ಓಡಿಸುವ ಹವ್ಯಾಸಿಗಳು ಈ ಗುಣಕ್ಕೆಂದೇ ಕೆಲವು ಸಲ 100 ಹರ್ಟ್ಸ್ ಆಸುಪಾಸಿನಲ್ಲಿ ಓಡಿಸುತ್ತಾರೆ.

ಕಿವಿಗೂ ಸ್ವಿಚ್ಚಿಗೂ ರಾಜಿ ಮಾಡಿಸುವ ಒಂದು ಉಪಾಯವೂ ಇದೆ. ನಾಲ್ಕು ಸ್ವಿಚ್ಚಿನ ಎಚ್-ಬ್ರಿಡ್ಜ್‌ನಲ್ಲಿ ಎರಡು ಕಾಲುಗಳನ್ನು (ಒಂದೊಂದು ಕಾಲಿನಲ್ಲಿ ಎರಡೆರಡು ಸ್ವಿಚ್) ಒಟ್ಟಿಗೆ ಹೊರಳಿಸದೆ ಒಂದಾದ ಮೇಲೆ ಒಂದು ಹೊರಳಿಸಿದರೆ, ಒಂದೊಂದು ಸ್ವಿಚ್ 10 ಕಿಲೋಹರ್ಟ್ಸ್‌ನಲ್ಲಿ ಆಡಿದರೂ ಮೋಟರಿಗೆ ಕಾಣುವುದು 20. ಬಿಸಿ ಹತ್ತರದ್ದು, ನಿಶ್ಶಬ್ದ ಇಪ್ಪತ್ತರದ್ದು. ಫ್ರೀಕ್ವೆನ್ಸಿ ಏರಿಸುವ ಮೊದಲು ಇದನ್ನು ನೋಡಬೇಕು. ಸ್ವಿಚ್ಚನ್ನೇ ಬದಲಿಸುವುದು ಇನ್ನೊಂದು ದಾರಿ. 2017ರ ಟೆಸ್ಲಾ ಮಾಡೆಲ್ 3ರಿಂದ ಕಾರುಗಳಿಗೆ ಬಂದ ಸಿಲಿಕಾನ್ ಕಾರ್ಬೈಡ್ ಸ್ವಿಚ್ಚುಗಳಿಗೆ ಹೊರಳಾಟದ ಸುಂಕ ಬಹಳ ಕಡಿಮೆ. ಆದರೆ ಬೇಗ ಹೊರಳುವ ಸ್ವಿಚ್ಚಿನ ಅಂಚು ಕಡಿದಾಗಿರುತ್ತದೆ. ಕಡಿದಾದ ಅಂಚು ಉದ್ದ ಕೇಬಲ್ಲಿಗೆ ಶತ್ರು.

ಮತ್ತೆ ಚಿಂತಾಮಣಿಗೆ ಬರೋಣ. 415 ವೋಲ್ಟಿನ ಡ್ರೈವ್‌ನ ಒಳಗೆ ಡಿಸಿ ಸುಮಾರು 590 ವೋಲ್ಟ್. ಐಜಿಬಿಟಿ ಎಂಬ ಸ್ವಿಚ್ಚು ಆನ್ ಆದಾಗ ಅಷ್ಟೂ ವೋಲ್ಟೇಜ್ ಮೈಕ್ರೊಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೇಬಲ್ಲಿನ ಬಾಯಿಗೆ ಬರುತ್ತದೆ. ಅದು ಕೇಬಲ್ಲಿನಲ್ಲಿ ಅಲೆಯ ಹಾಗೆ ಓಡುತ್ತದೆ, ಮೈಕ್ರೊಸೆಕೆಂಡಿಗೆ ಸುಮಾರು 150 ಮೀಟರ್. ಕೆಳಗಿನ ಮೋಟರ್ ಈ ಅಲೆಗೆ ಗೋಡೆ ಇದ್ದ ಹಾಗೆ. ಬಡಿದು ವಾಪಸಾಗುತ್ತದೆ. ಬಂದದ್ದೂ ಹೋಗುವುದೂ ಕೂಡಿ ಮೋಟರಿನ ತುದಿಯಲ್ಲಿ ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಏರುತ್ತದೆ. 590 ಹೋಗಿ 1,180. ಕೆಲವೇ ಮೀಟರ್ ಕೇಬಲ್ಲಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಮುನ್ನೂರು ಮೀಟರಿನಲ್ಲಿ ತಪ್ಪುವುದೂ ಇಲ್ಲ. ಡ್ರೈವ್‌ಗೆಂದೇ ಮಾಡಿದ ಮೋಟರುಗಳಿಗೆ ಅಮೆರಿಕದ ನೇಮಾ ಮಾನದಂಡ 1,600 ವೋಲ್ಟ್ ತಡೆಯಬೇಕು ಎನ್ನುವುದು ಇದೇ ಕಾರಣಕ್ಕೆ. ನಮ್ಮ ಬೋರುಗಳಲ್ಲಿರುವ ಎಷ್ಟೋ ಮೋಟರುಗಳು ಡ್ರೈವ್ ಯೋಚನೆಯೇ ಇಲ್ಲದ ಕಾಲದವು.

ಈ ಎತ್ತರಕ್ಕೆ ಫ್ರೀಕ್ವೆನ್ಸಿ ಕಾರಣವಲ್ಲ. ಎಷ್ಟು ಪೆಟ್ಟು ಎಂಬುದಕ್ಕೆ ಕಾರಣ. ದಿನಕ್ಕೆ ಆರು ಗಂಟೆ ಓಡಿದರೆ 4 ಕಿಲೋಹರ್ಟ್ಸ್‌ನಲ್ಲಿ 8 ಕೋಟಿ 64 ಲಕ್ಷ ಪಲ್ಸು. 12ರಲ್ಲಿ ಸುಮಾರು 26 ಕೋಟಿ. ಒಂದು ಪೆಟ್ಟಿನ ಅಲೆ ಅಡಗುವ ಮೊದಲೇ ಇನ್ನೊಂದು ಬಿದ್ದರೆ ವೋಲ್ಟೇಜ್ ಎರಡು ಪಟ್ಟನ್ನೂ ದಾಟಬಹುದು. ಕಡಿದಾದ ವೋಲ್ಟೇಜ್ ಇಡೀ ಸುರುಳಿಗೆ ಸಮವಾಗಿ ಹಂಚಿಕೆಯಾಗುವುದಿಲ್ಲ, ಮೊದಲ ಕೆಲವು ಸುತ್ತುಗಳ ಮೇಲೇ ಬೀಳುತ್ತದೆ. ರೀವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟರ್ ಬಿಚ್ಚಿದಾಗ ಉಳಿದ ತಂತಿ ಹೊಸದರಂತಿದ್ದು, ಲೀಡ್ ಪಕ್ಕದ ಸುತ್ತುಗಳಲ್ಲಿ ಮಾತ್ರ ಕಪ್ಪು ಚುಕ್ಕೆ ಇದ್ದರೆ ಡ್ರೈವ್ ಮತ್ತು ಕೇಬಲ್ ಕಡೆ ನೋಡಬೇಕು.

ಅವತ್ತು ಡ್ರೈವ್ ಮತ್ತೆ ಮತ್ತೆ ನಿಲ್ಲುತ್ತಿದ್ದುದಕ್ಕೆ ಕಾರಣ ಕೇಬಲ್ಲೇ. ಉದ್ದ ಕೇಬಲ್ ಒಂದು ಕೆಪಾಸಿಟರ್ ಕೂಡ. ಮೀಟರಿಗೆ 100 ಪಿಕೋಫ್ಯಾರಡ್ ಎಂದು ಹಿಡಿದರೂ ಮುನ್ನೂರು ಮೀಟರಿಗೆ 30 ನ್ಯಾನೊಫ್ಯಾರಡ್. ಪ್ರತಿ ಹೊರಳಾಟದಲ್ಲೂ ಡ್ರೈವ್ ಅದನ್ನು ತುಂಬಬೇಕು, ಖಾಲಿ ಮಾಡಬೇಕು. ಕೇಬಲ್ಲಿನ ಸರ್ಜ್ ಇಂಪೀಡೆನ್ಸ್, ಅಂದರೆ ಅಂಥ ಅಲೆಗೆ ಅದು ಒಡ್ಡುವ ತಡೆ, 80 ಓಮ್ ಇದ್ದರೆ ಆ ಗಳಿಗೆಯ ಕರೆಂಟ್ 7 ಆಂಪಿಯರಿನ ಮೇಲೆ. 5 ಎಚ್‌ಪಿ ಮೋಟರಿನ ಪೂರ್ತಿ ಹೊರೆಯ ಕರೆಂಟಿನ ಹತ್ತಿರ ಹತ್ತಿರ ಆಯಿತು, ಅಲ್ವಾ? ನೀರೆತ್ತುವ ಕರೆಂಟಿನ ಮೇಲೆ ಇದೂ ಸೇರುತ್ತದೆ. ಜೊತೆಗೆ 12 ಕಿಲೋಹರ್ಟ್ಸ್‌ನಲ್ಲಿ ಬರೀ ಕೇಬಲ್ ತುಂಬಿ ಖಾಲಿ ಮಾಡುವುದಕ್ಕೇ ಒಂದೊಂದು ಫೇಸಿಗೆ ನೂರಿಪ್ಪತ್ತು ವ್ಯಾಟ್ ಆಸುಪಾಸು ಹೋಗುತ್ತದೆ, 3ರಲ್ಲಿ ಅದರ ಕಾಲು ಭಾಗ. ಶೀಟಿನ ಶೆಡ್ಡಿನ ಬೇಸಿಗೆಯಲ್ಲಿ ಬೆಂದ ಡ್ರೈವ್ ಹತ್ತೇ ನಿಮಿಷಕ್ಕೆ ಸೋಲುವುದರಲ್ಲಿ ಆಶ್ಚರ್ಯವಿಲ್ಲ. ಭೂಮಿಗೆ ಸೋರುವ ಕರೆಂಟೂ ಹೀಗೇ ಏರುತ್ತದೆ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಸುಮ್ಮಸುಮ್ಮನೆ ಬೀಳುವ ಕಡೆ ಇದನ್ನೂ ನೋಡಿ.

ಹಾಗಾದರೆ ಬೋರ್‌ವೆಲ್ಲಿಗೆ ಯಾವಾಗಲೂ ಇಳಿಸಿದರೆ ಆಯಿತೇ? ಇಲ್ಲೂ ಒಂದು ಎಚ್ಚರ ಬೇಕು. ಕೆಲವು ಕಡೆ ಡ್ರೈವ್‌ನ ಹೊರಗೆ ಸೈನ್ ಫಿಲ್ಟರ್ ಹಾಕಿರುತ್ತಾರೆ. ಅದು ಪಲ್ಸುಗಳನ್ನು ನುಣುಪಾದ ಅಲೆ ಮಾಡಿ ಕೇಬಲ್ಲಿಗೆ ಕೊಡುತ್ತದೆ. ತುಂಬ ಉದ್ದದ ಕೇಬಲ್ಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಆ ಫಿಲ್ಟರಿಗೆ ಒಂದು ಕನಿಷ್ಠ ಕ್ಯಾರಿಯರ್ ಇದೆ, ಅದರ ಪ್ಲೇಟಿನ ಮೇಲೆಯೋ ಕೈಪಿಡಿಯಲ್ಲೋ ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಇಳಿಸಿದರೆ ಫಿಲ್ಟರೇ ಕಾದು ಹಾಳಾಗುತ್ತದೆ. ಬರೀ ಡಿವಿ-ಡಿಟಿ ಚೋಕ್, ಅಂದರೆ ವೋಲ್ಟೇಜಿನ ಕಡಿದಾದ ಅಂಚನ್ನು ಇಳಿಜಾರು ಮಾಡುವ ಸುರುಳಿ, ಇದ್ದರೆ ಮಾತು ಉಲ್ಟಾ, ಅದಕ್ಕೆ ಸಾಮಾನ್ಯವಾಗಿ ಗರಿಷ್ಠ ಕ್ಯಾರಿಯರ್ ಕೊಟ್ಟಿರುತ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಏನಿದೆ ಎಂದು ನೋಡದೆ ಫೋನಿನಲ್ಲಿ ಸಂಖ್ಯೆ ಹೇಳಬಾರದು, ಕೇಳಲೂಬಾರದು.

ಸಾವಿರ ಅಡಿ ಕೆಳಗಿರುವ ಮೋಟರ್ ಎಷ್ಟು ಕೂಗಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಕಿವಿಯ ಸಲುವಾಗಿ ಕೊಡಬೇಕಾದ ಬೆಲೆ ಅಲ್ಲಿ ಸೊನ್ನೆ. ಆದರೂ ಗಿರಣಿಯ ಸಂಖ್ಯೆ ತೋಟಕ್ಕೆ ಬಂದಿತ್ತು, ಯಾಕೆಂದರೆ ಡ್ರೈವ್ ಕೈ ಬದಲಾದಾಗ ಅದರ ಸೆಟ್ಟಿಂಗ್ ಯಾಕೆ ಹಾಗಿದೆ ಎಂದು ಹೇಳುವ ಒಂದು ಚೀಟಿಯೂ ಜೊತೆಗೆ ಬರಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಅದೂ ಗಿರಣಿಯಲ್ಲೇ ಉಳಿದಿತ್ತು.

ಹೊರಡುವ ಮೊದಲು ಪೆಟ್ಟಿಗೆಯ ಬಾಗಿಲಿನ ಒಳಗಡೆ ಬಿಳಿ ಟೇಪು ಅಂಟಿಸಿ ಮಾರ್ಕರಿನಲ್ಲಿ ಬರೆದೆವು: ಕೇಬಲ್ 1,080 ಅಡಿ. ಫಿಲ್ಟರ್ ಇಲ್ಲ. ಕ್ಯಾರಿಯರ್ 3. ಕೂಗಿದರೂ ಏರಿಸಬೇಡಿ. ಮನೆಯ ಹುಡುಗಿ, ಪಿಯುಸಿ ಓದುವವಳು, ಅದರ ಫೋಟೊ ತೆಗೆದುಕೊಂಡಳು. ಲಾರಿಯವರಿಗೆ ಬರಬೇಡಿ ಎಂದು ಫೋನ್ ಮಾಡಿದ್ದೂ ಅವಳೇ.